ಸಹಾಯ ಬೇಕು: ಚಂಡೆವಾದಕನ ಬಲಕ್ಕೆ ಕಡಿವಾಣ ಹೇಗೆ?

ಪುಣೆಯ ಕೋಥ್ರುಡ್‌ನಲ್ಲಿ ನಾವು ಕೆಲವು ಕನ್ನಡಿಗರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ಕಟ್ಟಿಕೊಂಡು, ದಾಳ ಉರುಳಿಸಿ ಆಡುವ ಕಥೆಯಾಟ) ಐದನೇ ಆವೃತ್ತಿ ಆಡುತ್ತೇವೆ, ಆಡಿಸುವವನು ನಾನು. ಕುಂದಾಪುರದ ಗೆಳೆಯನೊಬ್ಬ ಚಂಡೆವಾದಕನ ಪಾತ್ರ ಕಟ್ಟಿದ್ದಾನೆ. ಚಂಡೆ ಬಾರಿಸಿದ ಸುತ್ತಿನಲ್ಲಿ ಜೊತೆಗಾರರ ಪ್ರತಿ ಹೊಡೆತಕ್ಕೂ ಒಂದು ಆರುಮುಖದ ದಾಳದಷ್ಟು ಹೆಚ್ಚುವರಿ ಪೆಟ್ಟು. ಕೇಳಲು ಸಣ್ಣದು. ಆದರೆ 5ನೇ ಹಂತದಲ್ಲಿ ಯೋಧ ಎರಡು ಸಲ ಹೊಡೆಯುತ್ತಾನೆ. ಸುತ್ತಿನಲ್ಲಿ ಜೊತೆಗಾರರ ಒಟ್ಟು ನಾಲ್ಕು ಹೊಡೆತ ತಗುಲಿದರೆ ಹೆಚ್ಚುವರಿ ಪೆಟ್ಟು ಸರಾಸರಿ 14. ಅದೇ ಹಂತದ ಕಳ್ಳನ ಹೊಂಚುದಾಳಿಗೆ ಮೂರು ದಾಳ, ಸರಾಸರಿ 10.5 ಮಾತ್ರ. ಕಳ್ಳನ ಪಾತ್ರ ಆಡುವವಳು ಮಂಕಾಗಿದ್ದಾಳೆ, ಅದೇ ನನಗೆ ಸಂಕಟ.

ದಿನಕ್ಕೆ ಮೂರೇ ಬಾರಿ ಎಂದೆ. ಮೂರನ್ನೂ ದೊಡ್ಡ ರಾಕ್ಷಸನ ಮೇಲೆಯೇ ಸುರಿದರು. ನಾಲ್ಕುಮುಖದ ದಾಳಕ್ಕೆ ಇಳಿಸಿದರೆ ಚಂಡೆಯ ಕಾವೇ ಹೋಯಿತು. ಪಾತ್ರ ಚೆಂದವಿದೆ, ಕಿತ್ತುಹಾಕಲು ಮನಸ್ಸಿಲ್ಲ.

ಒಂದು ಸುತ್ತಿನಲ್ಲಿ ಒಬ್ಬ ಜೊತೆಗಾರನಿಗೆ ಮಾತ್ರ ಎನ್ನಲೇ, ಅಥವಾ ಎಲ್ಲರಿಗೂ ಬಿಟ್ಟು, ವಾದಕನಿಗೆ ಪೆಟ್ಟು ಬಿದ್ದರೆ ಏಕಾಗ್ರತೆ ಮುರಿದು ಚಂಡೆಯ ಬಲ ನಿಲ್ಲಬಹುದಾದ ನಿಯಮ ಸೇರಿಸಲೇ? ಆಡಿಸಿ ನೋಡಿದವರಿಗೆ ಯಾವುದು ಸರಿಹೋಗಿದೆ?