ಮೂರು ದಿನ ಕರೆಂಟ್ ಇರಲಿಲ್ಲ, ಬಂದಮೇಲೆ ಸಿಪಿಯು ಆನ್ ಆಗ್ತಿಲ್ಲ

ಚೆಕ್‌ರೋಲಮ್ಮ, ಮೂಡಿಗೆರೆ:

ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಪುನರ್ವಸು ಮಳೆಗೆ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ನಿನ್ನೆ ಸಂಜೆ ಬಂತು. ಫ್ರಿಜ್ಜು, ಮಿಕ್ಸಿ, ಟಿವಿ ಎಲ್ಲ ಸರಿ ಇದಾವೆ, ಕಂಪ್ಯೂಟರ್ ಮಾತ್ರ ಮುಷ್ಕರ ಹೂಡಿದೆ. ಬಟನ್ ಒತ್ತಿದರೆ ಫ್ಯಾನ್ ತಿರುಗಲ್ಲ, ಬೀಪ್ ಇಲ್ಲ, ಎಂತದೂ ಇಲ್ಲ.

2014ರಲ್ಲಿ ಹಾಸನದಲ್ಲಿ ಜೋಡಿಸಿಕೊಂಡು ತಂದಿದ್ದು. ಮಾನಿಟರಿನ ವೈರನ್ನೇ ಕಿತ್ತು ಸಿಪಿಯುಗೆ ಹಾಕಿ ನೋಡಿದೆ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೂ ಹಾಕಿದೆ. ಪೇಟೆಯಲ್ಲಿ ಒಬ್ಬ ರಿಪೇರಿಯವರಿಗೆ ಫೋನ್ ಮಾಡಿದರೆ ಡಬ್ಬದ ಮುಖ ನೋಡದೆಯೇ "ಮದರ್‌ಬೋರ್ಡ್ ಹೋಗಿರುತ್ತೆ, ಆರೂವರೆ ಸಾವಿರ" ಅಂದರು. ನಾಡಿದ್ದು ಬಟವಾಡೆ. ಹದಿನಾಲ್ಕು ಆಳಿನ ಚೆಕ್‌ರೋಲ್, ಅಂದರೆ ಹಾಜರಿ ಪಟ್ಟಿ, ಯಾರು ಎಷ್ಟು ಮುಂಗಡ ತಗೊಂಡಿದಾರೆ, ಎಲ್ಲ ಅದರೊಳಗೇ ಇದೆ. ನಮ್ಮತ್ತೆ ಬೆಳಿಗ್ಗೆಯಿಂದ "ಪುಸ್ತಕದಲ್ಲಿ ಬರೆದಿದ್ದರೆ ಪುಸ್ತಕಕ್ಕೆ ಕರೆಂಟ್ ಬೇಕಿತ್ತಾ" ಅಂತಿದಾರೆ, ಉತ್ತರ ಕೊಡೋಕೆ ನನ್ನ ಹತ್ತಿರ ಬಾಯಿಲ್ಲ.

ಸ್ಕ್ರೂಡ್ರೈವರ್ ಹಿಡಿಯೋಕೆ ನನಗೆ ಹೆದರಿಕೆ ಇಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ನಾನೇ ಬಿಚ್ಚೋದು, ಮಲ್ಟಿಮೀಟರೂ ಇದೆ. ಎಲ್ಲಿಂದ ಶುರು ಮಾಡಲಿ?

ಗಿರಿ ಹುಡುಗ, ಚಿಕ್ಕಮಗಳೂರು:

ಅಕ್ಕ, ರ‍್ಯಾಮ್ ಅನ್ನೋ ಮೆಮೊರಿ ಪಟ್ಟಿ ತೆಗೆದು ಪೆನ್ಸಿಲ್ ರಬ್ಬರಲ್ಲಿ ಉಜ್ಜಿ ಹಾಕಿ. ನಂದು ಹಾಗೇ ಸರಿ ಹೋಯ್ತು.

ಬಿ.ಎಂ. ರೋಡ್ ಮೆಕ್ಯಾನಿಕ್, ಹಾಸನ:

ರ‍್ಯಾಮ್ ಕೈಕೊಟ್ರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತೆ, ಪರದೆ ಕಪ್ಪಗಿರುತ್ತೆ, ಇಲ್ಲ ಬೀಪ್ ಹೊಡೆಯುತ್ತೆ ಕಣಪ್ಪ. ಇಲ್ಲಿ ಫ್ಯಾನೇ ಅಲ್ಲಾಡ್ತಿಲ್ಲ.

ಮೇಡಂ, ಟ್ಯಾಂಕಿಗೆ ನೀರು ಬರದಿದ್ರೆ ಪೈಪ್ ಹಿಡ್ಕೊಂಡು ನಡೀತೀರಲ್ಲ, ಹಂಗೇ ಇದೂ. ಮೊದಲು ಹಿಂದುಗಡೆ, ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬ, ಅಂದ್ರೆ ಎಸ್‌ಎಂಪಿಎಸ್ ಮೇಲಿನ ಸಣ್ಣ ಸ್ವಿಚ್ ನೋಡಿ. ನಗಬೇಡಿ, ಗುಡಿಸುವಾಗ ಪೊರಕೆ ತಗುಲಿ ಅದು ಆಫ್ ಆಗಿದ್ದ ಎಷ್ಟೋ ಮೆಷಿನ್ ನನ್ನ ಅಂಗಡಿಗೆ ಬಂದಿವೆ. ಅದು ಸರಿ ಇದ್ರೆ ಪಕ್ಕದ ತಗಡು ಬಿಚ್ಚಿ, ಪ್ಲಗ್ ಹಾಕಿ, ಬೋರ್ಡ್ ಮೇಲೆ ಎಲ್ಲಾದ್ರೂ ಪುಟ್ಟ ಎಲ್‌ಇಡಿ ಉರೀತಿದೆಯಾ ನೋಡಿ. ಕೆಲವು ಬೋರ್ಡಲ್ಲಿ ಅದು ಇರಲ್ಲ. ಆಗ 24 ಪಿನ್ನಿನ ದೊಡ್ಡ ಕನೆಕ್ಟರಲ್ಲಿ ನೇರಳೆ ವೈರಿಗೂ ಕಪ್ಪಿಗೂ ಮೀಟರ್ ಹಿಡೀರಿ. ಮೆಷಿನ್ ಆಫ್ ಇದ್ರೂ ಅಲ್ಲಿ 5 ವೋಲ್ಟ್ ಬರ್ತಿರಲೇಬೇಕು. ಬಂದಿಲ್ಲ ಅಂದ್ರೆ ಎಸ್‌ಎಂಪಿಎಸ್ ಕಡೆ ನೋಡಬೇಕು. ಬಂದಿದೆ ಅಂದ್ರೆ ಮುಂದಕ್ಕೆ ನಡೀರಿ.

ಡಬ್ಬದ ಮುಂಭಾಗದ ಪವರ್ ಬಟನ್ ಫ್ಯಾನಿನ ಸ್ವಿಚ್ಚಿನ ತರ ಅಲ್ಲ. ಅದರಲ್ಲಿ 230 ವೋಲ್ಟ್ ಓಡಲ್ಲ. ಅದು ಬೋರ್ಡಿನ ಎರಡು ಪಿನ್ನನ್ನ ಒಂದು ಕ್ಷಣ ಮುಟ್ಟಿಸುತ್ತೆ, ಅಷ್ಟೇ. ಬೋರ್ಡು ಆಮೇಲೆ ಹಸಿರು ವೈರನ್ನ ಕಪ್ಪು ವೈರಿಗೆ, ಅಂದ್ರೆ ಗ್ರೌಂಡಿಗೆ, ಮುಟ್ಟಿಸುತ್ತೆ, ಆಗ ಎಸ್‌ಎಂಪಿಎಸ್ ಎದ್ದು ಕೂರುತ್ತೆ. ಅದಕ್ಕೇ ಆ ಬಟನ್ನಿಂದ ಬರೋ ಎರಡೆಳೆ ವೈರ್ ಕಿತ್ತು, ಆ ಎರಡು ಪಿನ್ ಮಾತ್ರ ಸ್ಕ್ರೂಡ್ರೈವರ್ ತುದಿಯಲ್ಲಿ ಒಂದು ಸಲ ಮುಟ್ಟಿಸಿ. ವೈರಿನ ತುದಿಯಲ್ಲಿ ಪವರ್ ಸ್ವಿಚ್ ಅಂತ ಬರೆದಿರುತ್ತೆ. ಫ್ಯಾನ್ ತಿರುಗಿದ್ರೆ ಬೋರ್ಡ್ ಸತ್ತಿಲ್ಲ.

ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ, ಸ್ಟಾರ್ಟರ್ ಬಿಚ್ಚೋ ಧೈರ್ಯ ಇಲ್ಲಿ ಬೇಡ. ಒಳಗಿನ ಕೆಪಾಸಿಟರಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತೆ, ಪ್ಲಗ್ ಕಿತ್ತಮೇಲೂ ಹೊಡೆಯುತ್ತೆ. ಇನ್ನೊಂದು ಮಾತು. ನಿಮ್ಮ ಕಡೆಯವರು ಒದ್ದೆ ಆಗಿದೆ ಅಂತ ಒಲೆ ಮೇಲಿನ ಅಟ್ಟದಲ್ಲಿಟ್ಟು ಹೊಗೆ ಹಿಡಿಸಿಕೊಂಡು ತರ್ತಾರೆ. ಅದು ಸಿಪಿಯು ಕಣ್ರೀ, ಸೌದೆ ಅಲ್ಲ.

ಹೇಮಾವತಿ ದಡ, ಸಕಲೇಶಪುರ:

ಇದೇ ತೊಂದರೆ ನನಗೂ. ಹಸಿರು ವೈರಿಗೆ ಕಪ್ಪಿಗೆ ಪಿನ್ ಹಾಕಿ ಟೆಸ್ಟ್ ಮಾಡಿದೆ, ಎಸ್‌ಎಂಪಿಎಸ್ ಫ್ಯಾನ್ ತಿರುಗಿತು. ಹಾಗಾದರೆ ಅದು ಸರಿ ಇದೆ ಅಂತ ಅರ್ಥ ತಾನೆ?

ಬಿ.ಎಂ. ರೋಡ್ ಮೆಕ್ಯಾನಿಕ್, ಹಾಸನ:

ಅಲ್ಲ ಸಾರ್. ಕನೆಕ್ಟರನ್ನ ಬೋರ್ಡಿಂದ ಕಿತ್ತೇ ಆ ಟೆಸ್ಟ್ ಮಾಡಿದ್ರಿ ಅಂದ್ಕೊಳ್ತೀನಿ. ಫ್ಯಾನ್ ತಿರುಗಿದ್ರೆ ಎಸ್‌ಎಂಪಿಎಸ್‌ಗೆ ಜೀವ ಇದೆ ಅಂತ ಮಾತ್ರ ಅರ್ಥ, ಭಾರ ಹೊರುತ್ತೆ ಅಂತಲ್ಲ. ಹಳದಿ ವೈರಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು, ಅದೂ ಒಂದು ಹಾರ್ಡ್‌ಡಿಸ್ಕ್ ಸಿಕ್ಕಿಸಿಕೊಂಡು ನೋಡಿ. ಪ್ರೊಸೆಸರ್ ಪಕ್ಕದ 4 ಪಿನ್ ಕನೆಕ್ಟರ್ ಸಡಿಲ ಆಗಿದೆಯಾ ಅಂತಲೂ ನೋಡಿ, ಎಲ್ಲರೂ ಮರೆಯೋದು ಅದನ್ನೇ.

ಚೆಕ್‌ರೋಲಮ್ಮ, ಮೂಡಿಗೆರೆ:

ಬಿಚ್ಚಿದೆ ಮಾರಾಯ್ರೆ. ಒಳಗೆ ಇರುವೆ ಮೊಟ್ಟೆ, ಒಂದು ಹಲ್ಲಿ ಬಾಲ, ಹತ್ತು ವರ್ಷದ ಧೂಳು. ಆದರೆ ಮೂಲೆಯಲ್ಲಿ ಹಸಿರು ಎಲ್‌ಇಡಿ ಸುಮ್ಮನೆ ಉರೀತಾ ಇತ್ತು! ಎರಡು ಪಿನ್ ಮುಟ್ಟಿಸಿದ್ದೇ ತಡ, ಫ್ಯಾನ್ ಭರ್ ಅಂತು. ನನ್ನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಕೆಳಗೆ ಬಿತ್ತು, ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

ಬಟನ್ ಬಿಡಿಸಿ ನೋಡಿದರೆ ಒಳಗಿನ ತಗಡಿಗೆ ಹಸಿರು ಕಿಲುಬು ಹತ್ತಿದೆ. ಮೀಟರ್ ಹಿಡಿದು ಒತ್ತಿದರೂ ಮುಟ್ಟೋದೇ ಇಲ್ಲ. ಆರೂವರೆ ಸಾವಿರದ ಮದರ್‌ಬೋರ್ಡ್ ಅಂದರೆ ಇದು! ಈ ಮಳೆಯಲ್ಲಿ ಹೊಸ ಬಟನ್ ತರೋಕೆ ಪೇಟೆಗೆ ಹೋಗಬೇಕಾ? ಇನ್ನೊಂದು, ತಾರೀಖು 2013 ಅಂತ ತೋರಿಸ್ತಿದೆ.

ಬಿ.ಎಂ. ರೋಡ್ ಮೆಕ್ಯಾನಿಕ್, ಹಾಸನ:

ಬೇಡ. ಪಕ್ಕದ ರೀಸೆಟ್ ಬಟನ್ನಿನ ವೈರನ್ನ ಪವರ್ ಪಿನ್ನಿಗೆ ಸಿಕ್ಕಿಸಿ, ಎರಡೂ ಒಂದೇ ಜಾತಿ ಸ್ವಿಚ್ಚು. ಹಿಂದುಮುಂದಾದ್ರೂ ತೊಂದರೆ ಇಲ್ಲ. ಇನ್ನು ತಾರೀಖು, ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್ 2032 ಸೆಲ್ ಮುಗಿದಿದೆ. 3 ವೋಲ್ಟ್ ಇರಬೇಕು. ಪ್ಲಗ್ಗಿನಲ್ಲಿ ಕರೆಂಟ್ ಇರೋ ತನಕ ಗಡಿಯಾರ ಆ 5 ವೋಲ್ಟಲ್ಲೇ ಓಡಿಕೊಂಡಿತ್ತು, ಮೂರು ದಿನ ಕರೆಂಟ್ ಹೋದಾಗ ಬಣ್ಣ ಬಯಲಾಯ್ತು. ಸದ್ಯಕ್ಕೆ ತಾರೀಖು ಕೈಯಲ್ಲೇ ತಿದ್ದಿ, ಇಲ್ಲ ಅಂದ್ರೆ ಬಟವಾಡೆ 2013ರದ್ದಾಗುತ್ತೆ.

ಚೆಕ್‌ರೋಲಮ್ಮ, ಮೂಡಿಗೆರೆ:

ರೀಸೆಟ್ ಒತ್ತಿ ಆನ್ ಮಾಡಿದೆ, ಚೆಕ್‌ರೋಲ್ ಸಿಕ್ತು. ಮೊದಲು ಪೆನ್‌ಡ್ರೈವಿಗೆ ಒಂದು ಕಾಪಿ ಹಾಕಿಕೊಂಡೆ. ಆಮೇಲೆ ಅತ್ತೆಯ ಎದುರಿಗೇ ಪುಸ್ತಕದಲ್ಲೂ ಬರೆದಿಟ್ಟೆ, ಅವರು ಏನೂ ಹೇಳಲಿಲ್ಲ, ಕನ್ನಡಕ ಹಾಕಿಕೊಂಡು ಮುಂಗಡದ ಲೆಕ್ಕ ಮಾತ್ರ ಎರಡು ಸಲ ಕೂಡಿ ನೋಡಿದರು.