ಸಹಾಯ ಬೇಕು: ಕಾಸರಗೋಡು ಜಿಲ್ಲಾ ಸಹಕಾರಿ ಬ್ಯಾಂಕಿನ ಹಳೆಯ ವಾರ್ಷಿಕ ವರದಿಗಳು

ಮಾನ್ಯರೇ,

ಬದಿಯಡ್ಕದವಳಾದ ನಾನು ಸಹಕಾರಿ ಬ್ಯಾಂಕುಗಳ ದಕ್ಷತೆ ಮತ್ತು ಆಡಳಿತ ಮಂಡಳಿಗಳ ಹೊಣೆಗಾರಿಕೆಯ ಕುರಿತು ಪಿಎಚ್.ಡಿ. ಸಂಶೋಧನೆ ನಡೆಸುತ್ತಿದ್ದೇನೆ. 2019ರ ನವೆಂಬರಿನಲ್ಲಿ ಕಾಸರಗೋಡಿನದೂ ಸೇರಿ 13 ಜಿಲ್ಲಾ ಸಹಕಾರಿ ಬ್ಯಾಂಕುಗಳು ರಾಜ್ಯ ಸಹಕಾರಿ ಬ್ಯಾಂಕಿನಲ್ಲಿ ವಿಲೀನಗೊಂಡು ಕೇರಳ ಬ್ಯಾಂಕ್ ರೂಪುಗೊಂಡಿತು. ಮರುವರ್ಷದ ಬ್ಯಾಂಕಿಂಗ್ ನಿಯಂತ್ರಣ ತಿದ್ದುಪಡಿ ಕಾಯ್ದೆಯು ಸಹಕಾರಿ ಬ್ಯಾಂಕುಗಳ ಆಡಳಿತದ ಮೇಲೆ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಅಧಿಕಾರ ನೀಡಿತಾದರೂ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಅದರಿಂದ ಹೊರಗಿಟ್ಟಿತು. ಈ ಎರಡರ ಪರಿಣಾಮಗಳನ್ನು ಬೇರ್ಪಡಿಸಿ ನೋಡಲು ವಿಲೀನಕ್ಕೆ ಮುಂಚಿನ ಲೆಕ್ಕಪತ್ರಗಳು ಅಗತ್ಯ.

2012ರಿಂದ 2019ರವರೆಗಿನ ವಾರ್ಷಿಕ ವರದಿಗಳನ್ನೋ ಮಹಾಸಭೆಯಲ್ಲಿ ಹಂಚಿದ ಪುಸ್ತಿಕೆಗಳನ್ನೋ ನಿವೃತ್ತ ನೌಕರರು, ನಿರ್ದೇಶಕರು ಉಳಿಸಿಕೊಂಡಿದ್ದರೆ ದಯವಿಟ್ಟು ತಿಳಿಸಿ. ಪ್ರತಿ ಮಾಡಿಸಿಕೊಂಡು ಕೂಡಲೇ ಹಿಂದಿರುಗಿಸುತ್ತೇನೆ. ಕನ್ನಡ ಮಾಧ್ಯಮದಲ್ಲೇ ಕಲಿತವಳಾದ್ದರಿಂದ ಮಲಯಾಳದ ಲೆಕ್ಕಪರಿಶೋಧನಾ ಟಿಪ್ಪಣಿಗಳನ್ನು ಓದಿ ವಿವರಿಸುವವರೂ ಬೇಕು. ಮುಖ್ಯ ವಿಷಯಗಳು ಅಡಗಿರುವುದು ಅಲ್ಲಿಯೇ: ಮಾರ್ಚ್ ಕೊನೆಯಲ್ಲಿ ಚಿನ್ನದಡವಿನ ಹಳೆಯ ಸಾಲವನ್ನು ನವೀಕರಿಸಿದರೆ, ಹಣ ವಸೂಲಾಗದಿದ್ದರೂ ಸುಸ್ತಿ ಬಾಕಿ ತಗ್ಗಿದಂತೆ ತೋರುತ್ತದೆ, ದಕ್ಷತೆಯ ಅಂಕವೂ ಏರುತ್ತದೆ.

ಅರ್ಥಶಾಸ್ತ್ರದ ಅಧ್ಯಾಪಕರಲ್ಲಿ ಇನ್ನೊಂದು ಪ್ರಶ್ನೆ. ಸಂಸ್ಥೆಗಳು ಬಳಸಿದ್ದನ್ನೂ ಅದರಿಂದ ಪಡೆದದ್ದನ್ನೂ ಪರಸ್ಪರ ಹೋಲಿಸಿ ದಕ್ಷತೆ ಅಳೆಯುವ ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್ ವಿಧಾನದಲ್ಲಿ ಠೇವಣಿಯನ್ನು ಹೂಡುವಳಿಯೆಂದು (ಇನ್‌ಪುಟ್) ಪರಿಗಣಿಸಬೇಕೇ, ಉತ್ಪನ್ನವೆಂದೇ (ಔಟ್‌ಪುಟ್)? ಠೇವಣಿ ಸಂಗ್ರಹವೇ ಸಾಧನೆಯೆನಿಸಿಕೊಂಡ ಸಹಕಾರಿ ಬ್ಯಾಂಕಿಗೆ ಎರಡನೆಯದು ಒಪ್ಪುತ್ತದೆಂದು ನನ್ನ ಅನಿಸಿಕೆ. ಆದರೆ ಮಾರ್ಗದರ್ಶಕರಿಗೆ ಅದು ಸಮ್ಮತವಿಲ್ಲ. ಎರಡೂ ಬಗೆಯಲ್ಲಿ ಲೆಕ್ಕ ಹಾಕಿದವರಿದ್ದರೆ ಇಲ್ಲಿಯೇ ಉತ್ತರಿಸಬೇಕಾಗಿ ವಿನಂತಿ.