ಕಿರಣನ 21 ದಿನದ ಚಾಲೆಂಜು, ಸುಧಾ ಚಿಕ್ಕಮ್ಮನ ಮಂಡಿ, ಮಾವನ 10,000 ಹೆಜ್ಜೆ

ಎಲ್ರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಆಗುತ್ತೆ, ಪಾತ್ರೆ ತೊಳೀತಾನೋ ಬಸ್ಸಲ್ಲಿ ಕೂತೋ ನಿಧಾನಕ್ಕೆ ಕೇಳಿ. ನಿನ್ನೆ ಕಿರಣ ನಮ್ಮ ಗ್ರೂಪಲ್ಲಿ ಒಂದು ಚಾರ್ಟು ಹಾಕಿದ್ನಲ್ಲ: ಮೊದಲ ದಿನ 50 ಬಸ್ಕಿ, ದಿನಾ 10 ಜಾಸ್ತಿ, 21ನೇ ದಿನ 250, ಜೊತೆಗೆ ರಾತ್ರಿ ಅನ್ನ ಬಂದ್. ಅದರ ಕೆಳಗೆ ನಾಲ್ಕು ಜನ ‘ನಾನೂ ರೆಡಿ’ ಅಂದಿದ್ದೀರಿ. ಸುಧಾ ಚಿಕ್ಕಮ್ಮ ‘ಮಂಡಿ ನೋವಿರೋರು ಮಾಡಬಹುದಾ’ ಅಂತ ಕೇಳಿದ್ದೀರಿ. ರಘು ಮಾವ ‘ದಿನಾ 10,000 ಹೆಜ್ಜೆ ಹಾಕ್ತೀನಿ, ಹೊಟ್ಟೆ ಮಾತ್ರ ಇಳೀತಿಲ್ಲ’ ಅಂದಿದ್ದೀರಿ. ಎಲ್ಲಾ ಒಟ್ಟಿಗೇ ಹೇಳಿಬಿಡ್ತೀನಿ.

ಕಿರಣಾ, ಬಸ್ಕಿ ಒಳ್ಳೇದೇ ಕಣೋ, ತಪ್ಪಿರೋದು ಲೆಕ್ಕದಲ್ಲಿ. ವರ್ಷಗಟ್ಟಲೆ ಕೂತೇ ಇದ್ದ ತೊಡೆಗೆ ಒಂದೇ ಸಲ 50 ಕೊಟ್ರೆ ಅವತ್ತು ಏನೂ ಗೊತ್ತಾಗಲ್ಲ. ನೋವು ಮಾರನೇ ದಿನ ಶುರುವಾಗಿ ಎರಡು-ಮೂರನೇ ದಿನಕ್ಕೆ ಜೋರಾಗುತ್ತೆ. ಕೆಳಗೆ ಇಳಿಯುವಾಗ ಸ್ನಾಯು ಉದ್ದ ಆಗ್ತಾ ಆಗ್ತಾನೇ ಭಾರ ತಡೀಬೇಕು, ಹೊಸಬರಿಗೆ ಆ ಕೆಲಸ ಒಗ್ಗಿರಲ್ಲ. ಮೆಟ್ಟಿಲು ಇಳಿಯೋಕೂ ಆಗದ ಆ ದಿನವೇ ಚಾರ್ಟು 70 ಹೊಡಿ ಅನ್ನುತ್ತೆ. ಅರ್ಧ ಜನ ಅಲ್ಲೇ ಬಿಡ್ತಾರೆ. ಹಟ ಹಿಡಿದು ಮುಂದುವರಿಸೋರಿಗೆ ಇನ್ನೊಂದು ತೊಂದರೆ ಕಾದಿರುತ್ತೆ. ಸ್ನಾಯು ಕೆಲವೇ ವಾರದಲ್ಲಿ ಒಗ್ಗುತ್ತೆ, ಅದನ್ನ ಮೂಳೆಗೆ ಕಟ್ಟಿರೋ ಸ್ನಾಯುರಜ್ಜು ಒಗ್ಗೋಕೆ ತಿಂಗಳುಗಳೇ ಬೇಕು. ಹಾಗಾಗಿ ಮಂಡಿ ಚಿಪ್ಪಿನ ಕೆಳಗೆ ಚುಚ್ಚೋ ನೋವು ಬರುತ್ತೆ, ಅದು ಬಂದ್ರೆ ಬೇಗ ಹೋಗಲ್ಲ. ಗರಡಿ ಮನೆ ಪೈಲ್ವಾನರು ನೂರಾರು ಬಸ್ಕಿ ಹೊಡೀತಾರೆ ನಿಜ, ಆದ್ರೆ ಅವರು ಅಲ್ಲಿಗೆ ಹೋಗಿರೋದು ಮೂರು ವಾರದಲ್ಲಿ ಅಲ್ಲ. ರಥಸಪ್ತಮಿ ದಿನ ಅಭ್ಯಾಸವೇ ಇಲ್ಲದೆ 108 ಸೂರ್ಯ ನಮಸ್ಕಾರ ಹಾಕಿ ಮಣಿಕಟ್ಟು ಹಿಡ್ಕೊಂಡು ಕೂರೋರದ್ದೂ ಇದೇ ಕಥೆ.

ಯಾರಾದ್ರೂ ಈಗಾಗಲೇ ಶುರು ಮಾಡಿದ್ರೆ ಒಂದು ಎಚ್ಚರಿಕೆ. ತೊಡೆ ಊದಿಕೊಂಡು, ಮುಟ್ಟಿದ್ರೆ ಜೀವ ಹೋಗೋ ಹಾಗೆ ನೋವಿದ್ದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಏಟು ಕೊಡುತ್ತೆ. ನೋವಿನ ಮಾತ್ರೆ ನುಂಗಿ ಮಲಗೋದಂತೂ ಬೇಡವೇ ಬೇಡ, ಅದು ಕಿಡ್ನಿಗೆ ಇನ್ನಷ್ಟು ಹೊರೆ. ಅಪರೂಪಕ್ಕೆ ಆಗೋದು, ಆದ್ರೆ ಇಂಥ ಚಾಲೆಂಜುಗಳಲ್ಲೇ ಆಗೋದು.

ಹಾಗಾದ್ರೆ ಎಷ್ಟು ಮಾಡಬೇಕು? ನಾನು ಯಾರಿಗೆ ಪ್ಲಾನ್ ಹಾಕಿದ್ರೂ ಮೊದಲು ಕೇಳೋದು, ನಿಮ್ಮ ಅತಿ ಕೆಟ್ಟ ವಾರ ಹೇಗಿರುತ್ತೆ ಅಂತ. ಆಫೀಸಲ್ಲಿ ತಿಂಗಳ ಕೊನೆ, ಮಕ್ಕಳ ಪರೀಕ್ಷೆ, ಮನೇಲಿ ನೆಂಟರು, ಮೇಲೆ ಗೌರಿ-ಗಣೇಶ. ಆ ವಾರದಲ್ಲೂ ಎಷ್ಟು ಸಾಧ್ಯವೋ ಅದೇ ನಿಮ್ಮ ಪ್ಲಾನು. ಚೆನ್ನಾಗಿರೋ ವಾರದಲ್ಲಿ ಜಾಸ್ತಿ ಆದ್ರೆ ಲಾಭ ಅಂದ್ಕೊಳ್ಳಿ. ಬಹುತೇಕ ಮನೆಗಳಿಗೆ ಅದು ವಾರಕ್ಕೆ ಎರಡು ದಿನ 25 ನಿಮಿಷ ಬಲದ ವ್ಯಾಯಾಮ, ಉಳಿದ ದಿನ ನಡಿಗೆ ಅಂತ ಬಂದು ನಿಲ್ಲುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿರೋದೂ ಹೆಚ್ಚುಕಮ್ಮಿ ಇದೇ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ. ನಮ್ಮಲ್ಲಿ ಮೊದಲರ್ಧ ಎಲ್ರಿಗೂ ಗೊತ್ತು, ಪಾರ್ಕಿಗೆ ಹೋಗ್ತೀವಿ. ಎರಡನೇ ಅರ್ಧ ಯಾರಿಗೂ ನೆನಪಿಲ್ಲ. ಪಾರ್ಕಲ್ಲಿರೋ ಆ ಕಬ್ಬಿಣದ ಮಿಷನ್ನುಗಳ ಮೇಲೆ ಕಾಲಾಡಿಸೋದು ಬಲದ ವ್ಯಾಯಾಮ ಅಲ್ಲ, ಅದರಲ್ಲಿ ಬಹಳಷ್ಟಕ್ಕೆ ಭಾರವೇ ಇರಲ್ಲ, ಉಯ್ಯಾಲೆ ಥರ ತೂಗ್ತಾ ಇರುತ್ತೆ.

ಈಗ ಚಿಕ್ಕಮ್ಮ, ನಿಮ್ಮ ಮಂಡಿ. ಬಸ್ಕಿ ಬೇಡ, ಕುರ್ಚಿಯಿಂದ ಏಳೋದು-ಕೂರೋದು ಮಾಡಿ. ಊಟದ ಮೇಜಿನ ಕುರ್ಚಿ ತಗೊಳ್ಳಿ, ಚಕ್ರ ಇರಬಾರದು, ಬೆನ್ನು ಗೋಡೆಗೆ ತಾಗಿಸಿ ಇಡಿ. ಸೀಟು ಸಾಮಾನ್ಯವಾಗಿ 18 ಇಂಚು ಎತ್ತರ ಇರುತ್ತೆ, ನೀವು ಅದರ ಮೇಲೆ ಜಮಖಾನ ಮಡಚಿ ಹಾಕಿ ಇನ್ನೂ ಮೂರು ಇಂಚು ಏರಿಸ್ಕೊಳ್ಳಿ. ಎತ್ತರ ಆದಷ್ಟೂ ಮಂಡಿ ಮಡಚೋದು ಕಮ್ಮಿ. ಸೀಟಿನ ಅಂಚಿಗೆ ಬಂದು ಕೂತು, ಪಾದ ಭುಜದಷ್ಟು ಅಗಲ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಎದೆ ಮುಂದಕ್ಕೆ ಬಾಗಿಸಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರೋವರೆಗೂ. ಆಮೇಲೆ ಪೂರ್ತಿ ಪಾದ ಒತ್ತಿ ಏಳಿ. ತೊಡೆ ಮೇಲೆ ಕೈ ಊರಬೇಕು ಅನ್ನಿಸಿದ್ರೆ ಊರಿ, ಏನೂ ತಪ್ಪಿಲ್ಲ. ಕೂರುವಾಗ ಮನಸ್ಸಲ್ಲೇ ಒಂದು, ಎರಡು, ಮೂರು ಎಣಿಸ್ತಾ ಇಳೀರಿ. ಕೊನೇ ಮೂರು ಇಂಚಲ್ಲಿ ಎಲ್ರೂ ಧೊಪ್ಪಂತ ಬೀಳ್ತಾರೆ, ಕೆಲಸ ಇರೋದೇ ಅಲ್ಲಿ, ಆ ಜಾಗದಲ್ಲಿ ತಡೀಬೇಕು. ಎರಡು ಮಂಡಿಯೂ ಒಳಗೆ ವಾಲಿ ಒಂದಕ್ಕೊಂದು ಹತ್ತಿರ ಬಂದ್ರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಅಂತ, ಮಂಡಿಯನ್ನ ಕಿರುಬೆರಳಿನ ಕಡೆಗೆ ತಳ್ಳಿ ಹಿಡೀರಿ. ಎಂಟು ಸಲ, ಒಂದೂವರೆ ನಿಮಿಷ ಸುಧಾರಿಸ್ಕೊಂಡು ಮತ್ತೆ ಎಂಟು. ಮೊದಲ ಎರಡು ವಾರ ಅಷ್ಟೇ. ಸೀರೆ ಕಾಲಿಗೆ ಸಿಕ್ಕುತ್ತೆ, ಚೂಡಿದಾರ್ ಹಾಕ್ಕೊಳ್ಳಿ. ಒದ್ದೆ ನೆಲ, ಕಾಲುಚೀಲ ಎರಡೂ ಬೇಡ.

ನೋವಿನ ಲೆಕ್ಕ ಹೀಗಿಟ್ಕೊಳ್ಳಿ. ಹತ್ತಕ್ಕೆ ಮೂರರವರೆಗೆ ನೋವಿದ್ದು, ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಆಗಿದ್ರೆ ಮುಂದುವರಿಸಬಹುದು. ಮಾರನೇ ದಿನ ಜಾಸ್ತಿ ಇದ್ರೆ ಬಿಡೋದಲ್ಲ, ಜಮಖಾನ ಇನ್ನೊಂದು ಮಡಿಕೆ ಏರಿಸಿ, ಎಂಟನ್ನ ಐದು ಮಾಡಿ. ಮಂಡಿ ಊದಿದ್ರೆ, ಬಿಸಿ ಇದ್ರೆ, ನಡೀತಾ ಇರುವಾಗ ಸಿಕ್ಕಿಹಾಕ್ಕೊಂಡ ಹಾಗೆ ಅಥವಾ ಕೈಕೊಟ್ಟ ಹಾಗೆ ಆದ್ರೆ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಸವೆತ ಇದೆ ಅಂದಮಾತ್ರಕ್ಕೆ ವ್ಯಾಯಾಮ ನಿಲ್ಲಿಸೋದು ಮಾತ್ರ ಬೇಡ. ತೊಡೆ ಸೋತಷ್ಟೂ ಭಾರ ಎಲ್ಲಾ ಕೀಲಿನ ಮೇಲೇ ಬೀಳುತ್ತೆ.

ಉಳಿದವರಿಗೂ ಇದೇ ಕುರ್ಚಿಯಿಂದ ಶುರು, ಜೊತೆಗೆ ಇನ್ನು ಮೂರು. ಅಡುಗೆಮನೆ ಕಟ್ಟೆಗೆ ಕೈ ಊರಿ ಪುಶ್ ಅಪ್. ಅದು ಸುಲಭ ಆದ್ಮೇಲೆ ಗಟ್ಟಿಯಾದ ಮಂಚದ ಅಂಚು, ಆಮೇಲೆ ನೆಲ. ಸ್ಕೂಲ್ ಬ್ಯಾಗಿಗೆ ಒಂದೊಂದು ಕೇಜಿ ಅಕ್ಕಿ, ಬೇಳೆ ಪ್ಯಾಕೆಟ್ ತುಂಬಿ, ಒಂದು ಕೈ ಮೇಜಿಗೆ ಊರಿ ಬಾಗಿ, ಇನ್ನೊಂದು ಕೈಯಲ್ಲಿ ಬ್ಯಾಗನ್ನ ಸೊಂಟದ ಕಡೆ ಎಳೀರಿ. ದಿನಾ ಕಂಪ್ಯೂಟರ್ ಮುಂದೆ ಗೂನಾಗಿ ಕೂರೋರಿಗೆ ಇದು ತಪ್ಪಲೇಬಾರದು. ನಾಲ್ಕನೇದು ಎರಡು ಬಕೆಟ್ ನೀರು ಹಿಡಿದು ನಡೆಯೋದು. ಒಂದು ಲೀಟರ್ ನೀರು ಒಂದು ಕೇಜಿ, ಹಾಗಾಗಿ ಲೆಕ್ಕ ಸಲೀಸು: ಐದೈದು ಲೀಟರಿಂದ ಶುರು ಮಾಡಿ, ಭುಜ ಕೆಳಗಿಟ್ಟು, ಪಕ್ಕಕ್ಕೆ ವಾಲದೆ 30 ಸೆಕೆಂಡು ನಡೀರಿ. ಬಕೆಟ್ ಎತ್ತೋವಾಗ ಮಂಡಿ ಮತ್ತು ಸೊಂಟದಿಂದ ಬಾಗಿ ಎತ್ತಿ. ಪ್ಲಾಸ್ಟಿಕ್ ಹಿಡಿ ಕಿತ್ತು ಬರೋ ಹಳೇ ಬಕೆಟ್ ಬೇಡ, ಪಾದದ ಮೇಲೆ ಬೀಳುತ್ತೆ.

ಎಷ್ಟು ಸಲ ಅಂದ್ರೆ, ‘ಇನ್ನೆರಡು ಸರಿಯಾಗಿ ಮಾಡಬಹುದಿತ್ತು’ ಅನ್ನೋ ಹಂತಕ್ಕೆ ನಿಲ್ಲಿಸಿ. ಎಂಟರಿಂದ ಶುರು ಮಾಡಿ ಹನ್ನೆರಡಕ್ಕೆ ಬಂದು, ಎರಡು ಸುತ್ತಲ್ಲೂ ಹನ್ನೆರಡು ಸಲೀಸಾದಾಗ ಭಾರ ಒಂದು ಕೇಜಿ ಏರಿಸಿ ಮತ್ತೆ ಎಂಟಕ್ಕೆ ಇಳೀರಿ. ವರ್ಷಗಟ್ಟಲೆ ಅದೇ ಎರಡು ಕೇಜಿ ಗುಲಾಬಿ ಡಂಬೆಲ್ ಬೀಸ್ತಾ ಇದ್ರೆ ದೇಹಕ್ಕೆ ಬದಲಾಗೋಕೆ ಕಾರಣವೇ ಇರಲ್ಲ. ಎತ್ತೋವಾಗ ಉಸಿರು ಬಿಡಿ. ಬಿಗಿ ಹಿಡಿದ್ರೆ ಬಿಪಿ ಆ ಕ್ಷಣಕ್ಕೆ ಜಿಗಿಯುತ್ತೆ. ದೊಡ್ಡಪ್ಪ, ಇದು ನಿಮಗೆ. ನಿಮ್ಮ ಬಿಪಿ 180/110 ಅಥವಾ ಅದಕ್ಕಿಂತ ಮೇಲಿದ್ದ ದಿನ ವ್ಯಾಯಾಮ ರಜೆ, ಡಾಕ್ಟರಿಗೆ ಫೋನು.

ಮಾವ, ನಿಮ್ಮ ಹೆಜ್ಜೆ. ಆ 10,000 ಅನ್ನೋ ಅಂಕಿ ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಯಂತ್ರದ ಹೆಸರಲ್ಲಿದ್ದ ಸಂಖ್ಯೆ ಅದು. ನಡಿಗೆ ಬಿಡಿ ಅಂತಲ್ಲ, ವೇಗ ನೋಡಿ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಸ್ನೇಹಿತರ ಜೊತೆ ರಾಜಕೀಯ ಮಾತಾಡ್ತಾ ಪೂರ್ತಿ ಸುತ್ತು ಮುಗಿಸ್ತೀರಿ ಅಂದ್ರೆ ಅದು ವಿಹಾರ, ಅದರಲ್ಲಿ 20 ನಿಮಿಷ ಬೀಸಾಗಿ ಹೋಗಿ. ಶುಗರ್ ಇರೋರು ಊಟ ಆದ್ಮೇಲೆ 10-15 ನಿಮಿಷ ನಡೆದ್ರೆ ಸಕ್ಕರೆ ಏರೋದು ಕಮ್ಮಿಯಾಗುತ್ತೆ, ಮನೆ ಮಹಡಿ ಮೇಲೆ ಓಡಾಡಿದ್ರೂ ಸಾಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳೋರು ಖಾಲಿ ಹೊಟ್ಟೇಲಿ ಬೀಸಾಗಿ ನಡೆಯೋದು ಬೇಡ, ಜೇಬಲ್ಲಿ ಗ್ಲೂಕೋಸ್ ಇರಲಿ. ಸಕ್ಕರೆ ತೀರಾ ಇಳಿದು ನಡುಕ, ತಣ್ಣನೆ ಬೆವರು ಬಂದ್ರೆ ಅಲ್ಲೇ ಕೂತು ತಿನ್ನಿ.

ಹೊಟ್ಟೆ ಇಳಿಯದೆ ಇರೋದಕ್ಕೆ ಕಾರಣ ಪಾರ್ಕಲ್ಲಿಲ್ಲ, ತಟ್ಟೇಲಿದೆ. ನಡೆದು ವಾಪಸ್ ಬರುವಾಗ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಸಕ್ಕರೆ ಹಾಕಿದ ಕಾಫಿ ಆದ್ರೆ ನಡೆದಿದ್ದಕ್ಕಿಂತ ಜಾಸ್ತಿಯೇ ಒಳಗೆ ಹೋಯ್ತು. ಅನ್ನ ಬಿಡೋದು ಬೇಕಾಗಿಲ್ಲ. ಅನ್ನದ ಪಾಲು ಮೂರನೇ ಒಂದು ಭಾಗ ಇಳಿಸಿ, ಆ ಜಾಗಕ್ಕೆ ಪಲ್ಯ, ಕಾಳು ಹಾಕಿ. ನಮ್ಮ ಊಟದಲ್ಲಿ ಕಮ್ಮಿ ಬೀಳೋದು ಪ್ರೋಟೀನು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದೇಹದ ತೂಕದ ಕೇಜಿಗೆ ದಿನಕ್ಕೆ 0.83 ಗ್ರಾಂ, ಅಂದ್ರೆ 60 ಕೇಜಿಗೆ 50 ಗ್ರಾಂ. ಬಲದ ವ್ಯಾಯಾಮ ಮಾಡೋರಿಗೆ, 60 ವರ್ಷ ದಾಟಿದವರಿಗೆ ಕೇಜಿಗೆ ಒಂದು ಗ್ರಾಂ ಮೇಲೇ ಇದ್ರೆ ಒಳ್ಳೇದು. 30 ಗ್ರಾಂ ಒಣ ಹೆಸರುಕಾಳಿಂದ ಮಾಡಿದ ಉಸಲಿಯಲ್ಲಿ 7 ಗ್ರಾಂ, 200 ಗ್ರಾಂ ಮೊಸರಲ್ಲಿ 6-7, ಒಂದು ಮೊಟ್ಟೆಯಲ್ಲಿ 6, ಒಂದು ಹಿಡಿ ಕಡಲೇಕಾಯಿ ಬೀಜದಲ್ಲಿ 7. ತಿಳಿಸಾರಲ್ಲಿ ಹೇಳಿಕೊಳ್ಳೋ ಅಷ್ಟು ಇರಲ್ಲ, ಬೇಳೆ ತಳದಲ್ಲೇ ಉಳಿದಿರುತ್ತೆ. ಹುರುಳಿ ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯ ಎರಡು ಸಲ ಹಾಕಿಸ್ಕೊಳ್ಳಿ. ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರನ್ನ ಕೇಳದೆ ಏರಿಸಬೇಡಿ. ಎಣ್ಣೆ ವಿಷಯಕ್ಕೆ, ಒಂದು ದೊಡ್ಡ ಚಮಚ ಅಂದ್ರೆ ಸುಮಾರು 120 ಕ್ಯಾಲರಿ. ಒಗ್ಗರಣೆಗೆ ಕ್ಯಾನಿಂದ ಸುರಿಯೋದು ಬಿಟ್ಟು ಚಮಚದಲ್ಲಿ ಹಾಕಿ. ನಾಲ್ಕು ಜನರ ಮನೆಗೆ ತಿಂಗಳಿಗೆ 3 ಲೀಟರ್ ಸುತ್ತಮುತ್ತ ನಿಂತ್ರೆ ಸರಿ.

ತೂಕದ ಮಿಷನ್ ಮೇಲೆ ದಿನಾ ಹತ್ತಿ ಮುಖ ಸಪ್ಪಗೆ ಮಾಡ್ಕೋಬೇಡಿ. ಉಪ್ಪಿನಕಾಯಿ, ಹಬ್ಬದೂಟ, ಮುಟ್ಟಿನ ದಿನ, ಯಾವುದಕ್ಕಾದ್ರೂ ನೀರು ನಿಂತು ಒಂದೆರಡು ಕೇಜಿ ಆಚೀಚೆ ಆಗುತ್ತೆ. ಹದಿನೈದು ದಿನಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡೀರಿ, ಹೊಟ್ಟೆ ಒಳಗೆಳೀದೆ. ನಮ್ಮವರಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಎಚ್ಚರ ಬೇಕು. ತೂಕ ವಾರಕ್ಕೆ ಅರ್ಧ ಕೇಜಿ ಇಳಿದ್ರೆ ಧಾರಾಳ ಆಯ್ತು.

ಮಧ್ಯೆ ಬಿಟ್ಟುಹೋದ್ರೆ? ಬಿಟ್ಟೇ ಹೋಗುತ್ತೆ, ಅದನ್ನ ಲೆಕ್ಕದಲ್ಲೇ ಇಟ್ಕೊಳ್ಳಿ. ಒಂದು ವಾರ ತಪ್ಪಿದ್ರೆ ಎಲ್ಲಿ ನಿಲ್ಲಿಸಿದ್ರೋ ಅಲ್ಲಿಂದ್ಲೇ ಶುರು, ಬಲ ಅಷ್ಟು ಬೇಗ ಹೋಗಲ್ಲ. ಮೂರು-ನಾಲ್ಕು ವಾರ ತಪ್ಪಿದ್ರೆ ಭಾರ ಮೂರನೇ ಒಂದು ಭಾಗ ಇಳಿಸಿ, ಒಂದೇ ಸುತ್ತು. ಬಿಟ್ಟಿದ್ದನ್ನ ಸರಿದೂಗಿಸೋಕೆ ಒಂದೇ ದಿನ ಎರಡರಷ್ಟು ಮಾಡೋರು ಮತ್ತೆ ಮೂರು ದಿನ ಮಲಗ್ತಾರೆ. ಜ್ವರ ಬಂದಿದ್ರೆ ಪೂರ್ತಿ ಇಳಿದು, ಒಂದೆರಡು ದಿನ ಸರಿಯಾಗಿ ಊಟ ಸೇರಿದ ಮೇಲೆ. ವ್ಯಾಯಾಮದ ಮಧ್ಯೆ ಎದೆ ಹಿಂಡಿದ ಹಾಗೆ, ದವಡೆಗೋ ಎಡಗೈಗೋ ನೋವು ಹರಿದ ಹಾಗೆ, ಕಣ್ಣು ಕತ್ತಲೆ ಬಂದ ಹಾಗೆ ಆದ್ರೆ ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಈನೋ ಕುಡಿದು ಕೂರಬೇಡಿ, ತಕ್ಷಣ ಆಸ್ಪತ್ರೆ.

ಕಿರಣಾ, ನೀನು ಇನ್ನೊಂದು ಕೇಳಿದ್ದೆ, ಜಿಮ್ಮಿನ ವರ್ಷದ ಮೆಂಬರ್‌ಶಿಪ್ ಅರ್ಧ ರೇಟಿಗೆ ಕೊಡ್ತಾರೆ, ತಗೊಳ್ಲಾ ಅಂತ. ಮೊದಲು ಒಂದು ತಿಂಗಳದ್ದು ತಗೋ, ದುಬಾರಿ ಆದ್ರೂ ಸರಿ. ಆಫೀಸಿಂದ ಮನೆಗೆ ಬರೋ ದಾರೀಲಿ ಇರೋ ಜಿಮ್ಮೇ ನೋಡು, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಮತ್ತೆ ಹೊರಡೋರು ಕಮ್ಮಿ. ನೀನು ಹೋಗೋ ಹೊತ್ತಲ್ಲೇ ಒಂದು ಸಲ ಹೋಗಿ ನೋಡ್ಕೊಂಡು ಬಾ, ಸಂಜೆ ಏಳಕ್ಕೆ ಒಂದು ಬೆಂಚಿಗೆ ನಾಲ್ಕು ಜನ ನಿಂತಿರ್ತಾರೆ. ಆ ಚಾರ್ಟಿನ ಬದಲು ಇವತ್ತಿಂದ ದಿನ ಬಿಟ್ಟು ದಿನ ಎಂಟೆಂಟರ ಮೂರು ಸುತ್ತು ಬಸ್ಕಿ ಹೊಡಿ. ಚಿಕ್ಕಮ್ಮ, ಕುರ್ಚಿ ಪಕ್ಕದಿಂದ ಒಂದು ವಿಡಿಯೋ ಮಾಡಿಸಿ ನಂಗೆ ಕಳಿಸಿ, ಪಾದದಿಂದ ತಲೆವರೆಗೂ ಕಾಣಬೇಕು.